ಎಷ್ಟನೇ ನಿಮಿಷದಲ್ಲಿ ಬೇಸರ ಬಂತು?

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಈ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅವು ಧಕ್ಕೆಯ ಉದ್ದಕ್ಕೂ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುತ್ತವೆ; ಮಳೆ ಬಡಿಯುತ್ತದೆ, ಹಗ್ಗಗಳು ಕಿರುಗುಟ್ಟುತ್ತವೆ, ಎಂಜಿನ್ನಿನ ಸದ್ದೊಂದು ಮಾತ್ರ ಇರುವುದಿಲ್ಲ. ಕೊಡವೂರಿನಲ್ಲಿ ವಾಸವಾಗಿರುವ ನಾನು ಆ ಇಲ್ಲದ ಸದ್ದನ್ನೇ ವಸ್ತುವಾಗಿಟ್ಟುಕೊಂಡು ಸಿಂಫನಿ ಆರ್ಕೆಸ್ಟ್ರಾಕ್ಕೆಂದು ಒಂಬತ್ತು ನಿಮಿಷಗಳ ಕೃತಿಯೊಂದನ್ನು ರಚಿಸಿ, ಅದಕ್ಕೆ ‘ಅರುವತ್ತೊಂದು ದಿನ’ ಎಂದು ಹೆಸರಿಟ್ಟೆ. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್ ಎರಡೆರಡು, ನಾಲ್ಕು ಹಾರ್ನ್, ಎರಡು ಟ್ರಂಪೆಟ್, ಮೂರು ಟ್ರೊಂಬೋನ್, ಟಿಂಪನಿ, ಜೊತೆಗೆ ಐದು ವಿಭಾಗಗಳ ತಂತಿವಾದ್ಯಗಳು ಇದಕ್ಕೆ ಬೇಕು. ಅಂಥ ವೃಂದವನ್ನು ಹುಡುಕಿ ಹೊರಟರೆ ಮುಂಬಯಿಯಲ್ಲಿ 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದವರೆಗೆ ಹೋಗಬೇಕಾಗುತ್ತದೆ. ಆದ್ದರಿಂದ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಸ್ವರಲಿಪಿಯನ್ನು ಬರೆದು, ನಿಜವಾದ ವಾದ್ಯಗಳಿಂದ ಧ್ವನಿಮುದ್ರಿಸಿಕೊಂಡ ಸ್ವರಗಳ ಸಂಗ್ರಹವೊಂದರಿಂದ ಕಂಪ್ಯೂಟರಿನಲ್ಲೇ ನುಡಿಸಿ, ಆ ಧ್ವನಿಯನ್ನು ಪರಿಚಿತರಿಗೆ ಕಳುಹಿಸಿದೆ.

ಮೊದಲ ವಾರ ಬಂದ ಪ್ರತಿಕ್ರಿಯೆಗಳೆಲ್ಲ ಒಂದೇ ಅಚ್ಚಿನವು. ಕೆಲವರು ತುಳುವಿನಲ್ಲಿ ‘ಎಡ್ಡೆ ಉಂಡು’ (ಚೆನ್ನಾಗಿದೆ) ಎಂದರು, ಕೆಲವರು ಕೈ ಮುಗಿಯುವ ಚಿತ್ರ ಕಳುಹಿಸಿದರು, ಸಂಬಂಧಿಕರೊಬ್ಬರು ಯಾವ ಸಿನಿಮಾಕ್ಕೆ ಎಂದು ವಿಚಾರಿಸಿದರು. ಹೊಗಳಿಕೆಯಿಂದ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದನ್ನು ಹಿಡಿದುಕೊಂಡು ಸ್ವರಲಿಪಿಯ ಯಾವ ಪುಟವನ್ನೂ ತಿದ್ದಲಾಗುವುದಿಲ್ಲ. ತಪ್ಪು ಅವರದ್ದಲ್ಲ, ‘ಹೇಗಿದೆ?’ ಎಂದು ಕೇಳಿದ ನನ್ನದು. ಊಟ ಬಡಿಸಿದವರು ಎದುರಿಗೆ ನಿಂತು ಹೇಗಿದೆ ಎಂದು ಕೇಳಿದರೆ ಉಪ್ಪು ಕಡಿಮೆಯಾಗಿದೆ ಎಂದು ಯಾರು ಹೇಳುತ್ತಾರೆ? ಎರಡನೆಯ ಸುತ್ತಿನಲ್ಲಿ ಪ್ರಶ್ನೆಯನ್ನು ಬದಲಿಸಿದೆ. ಅಭಿಪ್ರಾಯ ಬೇಡ, ಸಂಗೀತದ ಭಾಷೆಯೂ ಬೇಡ. ಫೋನಿನ ಮೇಲೆ ಓಡುವ ಗಡಿಯಾರವನ್ನು ನೋಡಿಕೊಂಡು, ಮನಸ್ಸು ಬೇರೆಡೆಗೆ ಹೋದ ಕ್ಷಣವನ್ನೂ ಕಿವಿ ಚುರುಕಾದ ಕ್ಷಣವನ್ನೂ ಒಂದು ಚೀಟಿಯಲ್ಲಿ ಗುರುತು ಹಾಕಿ ಕೊಡಿ ಎಂದು ಹನ್ನೊಂದು ಮಂದಿಯನ್ನು ವಿನಂತಿಸಿದೆ. ಚೀಟಿ ಹಿಂದಿರುಗಿಸಿದವರು ಒಂಬತ್ತು ಮಂದಿ. ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದಾಗ, ಒಬ್ಬರನ್ನೊಬ್ಬರು ಅರಿಯದ ಅವರಲ್ಲಿ ಆರು ಮಂದಿ ಒಂದೇ ಜಾಗದಲ್ಲಿ, ಎರಡನೆಯ ನಿಮಿಷದ ಆಸುಪಾಸಿನಲ್ಲಿ, ಬೇಸರವೆಂದು ಬರೆದಿದ್ದರು.

ಆ ಎರಡನೆಯ ನಿಮಿಷಕ್ಕೆ ಬರುವ ಮುನ್ನ ಮೊದಲ ನಲವತ್ತು ಸೆಕೆಂಡುಗಳ ಕಥೆಯನ್ನು ಹೇಳಿಬಿಡುತ್ತೇನೆ. ಮೂವರ ಚೀಟಿಯಲ್ಲಿ ಆ ಭಾಗ ಖಾಲಿಯಾಗಿತ್ತು. ವಿಚಾರಿಸಿದರೆ, ಅಲ್ಲಿ ಏನೂ ಇರಲಿಲ್ಲವಲ್ಲ ಎಂಬ ಉತ್ತರ ಬಂತು. ನಾನು ಅಲ್ಲಿ ಡಬಲ್ ಬಾಸ್‌ಗಳಿಗೆ ಅತ್ಯಂತ ಮೆಲುದನಿಯಲ್ಲಿ ತಳದ ‘ಡಿ’ ಸ್ವರವನ್ನು ಬರೆದಿದ್ದೆ. ಅದು ಸೆಕೆಂಡಿಗೆ ಸುಮಾರು 37 ಕಂಪನಗಳ ಸ್ವರ. ಒಳ್ಳೆಯ ಹೆಡ್‌ಫೋನಿನಲ್ಲಿ ಹೊಟ್ಟೆಯೊಳಗೆ ನಡುಗಿದಂತೆ ಕೇಳಿಸುತ್ತದೆ, ಫೋನಿನ ಚಿಕ್ಕ ಸ್ಪೀಕರಿನಲ್ಲಿ ಹುಟ್ಟುವುದೇ ಇಲ್ಲ. ಧ್ವನಿಯನ್ನು ಏರಿಸಿದರೆ ಸಾಲದು. ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಚೆಲ್ಲೊಗಳಿಗೂ ಎರಡು ಸ್ಥಾಯಿ ಮೇಲೆ ಒಂದು ಬಸೂನಿಗೂ ಕೊಟ್ಟೆ. ಮೇಲಿನ ಉಪಸ್ವರಗಳು ಕಿವಿಗೆ ತಲುಪಿದರೆ ಕೆಳಗಿನ ಮೂಲಸ್ವರವನ್ನು ಕೇಳುಗನ ಮೆದುಳೇ ತುಂಬಿಕೊಳ್ಳುತ್ತದೆ.

ಇನ್ನು ಎರಡನೆಯ ನಿಮಿಷ. ಅಲ್ಲಿ ಬೇಸರವೆಂದು ಬರೆದ ಆರು ಮಂದಿ ಹೇಳಿದ ಕಾರಣಗಳು ಆರು ಬಗೆಯವು: ತುಂಬಾ ನಿಧಾನ, ಒಂದೇ ಸಮನೆ ಪಿಟೀಲು, ತಾಳ ಬೇಕಿತ್ತು, ಹೀಗೆ. ಅವರು ಸೂಚಿಸಿದಂತೆ ವೇಗವನ್ನು ಹೆಚ್ಚಿಸಿ ನೋಡಿದೆ. ಬೇಸರವೇ ವೇಗವಾಗಿ ಬಂದಂತಾಯಿತು. ಬಿಡಿಸಿ ಹೇಳಿದವರು ಉಡುಪಿಯ ರಥಬೀದಿಯ ಸಮೀಪ ಬಹಳ ಕಾಲದಿಂದ ಪಿಟೀಲು ಕಲಿಸುತ್ತಿರುವ ಹಿರಿಯ ಅಧ್ಯಾಪಕಿ. ಅವರು ಚೀಟಿಯಲ್ಲಿ ಒಂದೇ ವಾಕ್ಯ ಬರೆದಿದ್ದರು: ‘1.50ಕ್ಕೆ ಮಂಗಳವಾಯಿತೆಂದು ತಿಳಿದು ಎದ್ದುಬಿಟ್ಟೆ.’

ಮೊದಲು ನನಗೆ ನಗು ಬಂತು, ಬಳಿಕ ಮುಖ ಬಿಸಿಯಾಯಿತು. ಕೃತಿಯ ಮೂಲರಾಗವೆಂದು ನಾನು ಆರಿಸಿಕೊಂಡಿದ್ದದ್ದು ಮಧ್ಯಮಾವತಿಯನ್ನು. ಅದರಲ್ಲಿ ಗಾಂಧಾರವಿಲ್ಲ, ಆಧಾರ ಷಡ್ಜದ ಮೇಲೆ ಮೂರನೆಯ ಸ್ವರವಿಲ್ಲದಿದ್ದರೆ ಪಾಶ್ಚಾತ್ಯರ ಮೇಜರ್, ಮೈನರ್ ಎಂಬ ಎರಡು ಬಣ್ಣಗಳಿಗೂ ಅದು ಸಿಲುಕುವುದಿಲ್ಲ, ಹಾರ್ಮನಿಗೆ ಜಾಗ ವಿಶಾಲವಾಗಿ ಸಿಗುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಲೆಕ್ಕ ಸರಿಯೇ. ಆದರೆ ಕರ್ನಾಟಕ ಸಂಗೀತದ ಕಛೇರಿಗಳು ಮಧ್ಯಮಾವತಿಯಲ್ಲಿ ಮುಗಿಯುವ ರೂಢಿಯಿದೆಯೆಂಬುದನ್ನು, ಬಾಲ್ಯದಲ್ಲಿ ಪಿಟೀಲು ಕಲಿತವನಾದ ನಾನೇ ಮರೆತಿದ್ದೆ. ನಮ್ಮೂರಿನ ಕೇಳುಗರು ಮರೆತಿರಲಿಲ್ಲ. ರಾಗದ ಹೆಸರು ತಿಳಿಯದವರ ಕಿವಿಯೂ ಇಷ್ಟು ವರ್ಷ ದೇವಸ್ಥಾನದ ಮೈಕಿನಿಂದ ಅದನ್ನು ಕೇಳಿ ಕೇಳಿ ‘ಮುಗಿಯಿತು, ಏಳಬಹುದು’ ಎಂಬ ಅರ್ಥವನ್ನು ಅದಕ್ಕೆ ಗಂಟು ಹಾಕಿಕೊಂಡಿದೆ ಎಂದು ನನ್ನ ಊಹೆ. ಆರಂಭದಲ್ಲೇ ಮುಕ್ತಾಯವನ್ನು ಕೇಳಿಸಿ, ಇನ್ನು ಏಳು ನಿಮಿಷ ಕುಳಿತುಕೊಳ್ಳಿ ಎಂದು ನಾನು ಜನರನ್ನು ಒತ್ತಾಯಿಸುತ್ತಿದ್ದೆ.

ಇಡೀ ಕೃತಿಯನ್ನು ಹೊಸ ರಾಗದಲ್ಲಿ ಬರೆಯಬೇಕೇ? ಅಧ್ಯಾಪಕಿಯ ಮನೆಯ ಜಗಲಿಯಲ್ಲಿ ಕುಳಿತು ಈ ಗೋಳನ್ನು ಹೇಳಿಕೊಂಡಾಗ ಅವರು ಪಿಟೀಲನ್ನು ಎತ್ತಿಕೊಂಡು, ನನ್ನ ಆರಂಭದ ಸಾಲನ್ನು ಸ್ವರ ಬದಲಿಸದೆ ನುಡಿಸುತ್ತ, ತಂಬೂರಿ ಪೆಟ್ಟಿಗೆಯ ಶ್ರುತಿಯನ್ನು ಮಾತ್ರ ಒಂದು ಸ್ವರದಷ್ಟು ಏರಿಸಿದರು. ಮಧ್ಯಮಾವತಿಯ ರಿಷಭವನ್ನೇ ಷಡ್ಜವೆಂದು ಹಿಡಿದರೆ ಅದೇ ಐದು ಸ್ವರಗಳು ಹಿಂದೋಳವಾಗುತ್ತವೆ. ಗ್ರಹಭೇದದ ಈ ಪಾಠ ಪುಸ್ತಕದಿಂದ ನನಗೆ ಗೊತ್ತಿತ್ತು. ಅದು ನನ್ನದೇ ಕೃತಿಯ ಬಾಗಿಲಿಗೆ ಕೀಲಿಕೈಯಾದೀತೆಂದು ಹೊಳೆದಿರಲಿಲ್ಲ. ಹಿಂದೋಳದಲ್ಲಿ ಪಂಚಮವಿಲ್ಲ, ಆದ್ದರಿಂದ ಸ್ವರಗಳು ಎಲ್ಲಿಯೂ ಪೂರ್ತಿ ಕಾಲೂರದೆ ತೂಗುತ್ತಿರುತ್ತವೆ, ಕಟ್ಟಿಹಾಕಿದ ಬೋಟಿನಂತೆ. ಮನೆಗೆ ಬಂದು ಪಿಟೀಲು, ವಯೋಲಾಗಳ ಸಾಲುಗಳನ್ನು ಮುಟ್ಟದೆ, ಷಡ್ಜವಾಗಿದ್ದ ತಳದ ‘ಡಿ’ಯನ್ನು ಅದರ ರಿಷಭವಾದ ‘ಇ’ಗೆ ಬದಲಿಸಿದೆ. ಕೊನೆಯ ಭಾಗದಲ್ಲಿ ಮಾತ್ರ ತಳಸ್ವರ ‘ಡಿ’ಗೆ ಬರುತ್ತದೆ, ಆಗ ಆರಂಭದ ರಾಗವೇ ಮಧ್ಯಮಾವತಿಯಾಗಿ ಕೇಳಿಸುತ್ತದೆ, ಮುಗಿಯಬೇಕಾದಲ್ಲಿ ಮುಗಿಯುತ್ತದೆ.

ಇದರಿಂದ ನಾನು ಗಮನಿಸದೆ ಬಿಟ್ಟಿದ್ದ ಇನ್ನೊಂದು ತಪ್ಪೂ ಹೊರಬಿತ್ತು. ಸಾಮಾನ್ಯ ನಾಲ್ಕು ತಂತಿಯ ಡಬಲ್ ಬಾಸ್‌ನ ಅತ್ಯಂತ ಕೆಳಗಿನ ಖಾಲಿ ತಂತಿಯೇ ‘ಇ’. ಅದಕ್ಕಿಂತ ಕೆಳಗಿನ ‘ಡಿ’ ಬೇಕಾದರೆ ಐದನೆಯ ತಂತಿಯೋ ವಿಶೇಷ ಜೋಡಣೆಯೋ ಇರುವ ವಾದ್ಯವಾಗಬೇಕು. ನಾನು ಮೂರು ನಿಮಿಷಗಳ ಕಾಲ ಹಿಡಿಯಲು ಬರೆದಿದ್ದ ಆ ಸ್ವರವನ್ನು ಕಂಪ್ಯೂಟರ್ ಚಕಾರವೆತ್ತದೆ ನುಡಿಸಿತ್ತು.

ಕಂಪ್ಯೂಟರಿನ ಈ ವಿಧೇಯತೆಯೇ ನನ್ನನ್ನು ಮಂಗಳೂರಿಗೂ ಕರೆದೊಯ್ದಿತು. ಅಲ್ಲಿ ಚರ್ಚಿನ ಹಬ್ಬಗಳಲ್ಲೂ ಮದುವೆಯ ಮೆರವಣಿಗೆಗಳಲ್ಲೂ ಟ್ರಂಪೆಟ್ ಊದುವ ಬ್ರಾಸ್ ಬ್ಯಾಂಡಿನ ಹಿರಿಯರೊಬ್ಬರು ನನ್ನ ಕೇಳುಗರ ಪಟ್ಟಿಯಲ್ಲಿದ್ದರು. ಅವರು ಚೀಟಿ ಬರೆಯಲಿಲ್ಲ, ನೇರವಾಗಿ ಬರಹೇಳಿದರು. ಮಧ್ಯಭಾಗದಲ್ಲಿ ಹಾರ್ನುಗಳು ಹಿಡಿದುಕೊಳ್ಳುವ ಒಂದು ಉದ್ದನೆಯ ಸ್ವರವಿದೆ. ನಿಮಿಷಕ್ಕೆ 60 ಪೆಟ್ಟಿನ ಗತಿಯಲ್ಲಿ ನಾಲ್ಕು ಪೆಟ್ಟಿನ ಏಳು ಆವರ್ತ, ಅಂದರೆ 28 ಸೆಕೆಂಡು. ಅವರು ಟ್ರಂಪೆಟನ್ನು ಬಟ್ಟೆಯಿಂದ ಒರೆಸಿ, ನನ್ನ ಕೈಗೆ ಗಡಿಯಾರವನ್ನು ಕೊಟ್ಟು, ಅದೇ ಎತ್ತರದ ಸ್ವರವನ್ನು ಹಿಡಿದರು. ಹತ್ತು ಸೆಕೆಂಡಿನವರೆಗೆ ಸ್ವರ ನೂಲು ಎಳೆದಂತಿತ್ತು. ಹದಿನೈದಕ್ಕೆ ಕೆನ್ನೆ ಕೆಂಪಾಯಿತು, ಹದಿನೆಂಟಕ್ಕೆ ಸ್ವರ ನಡುಗಿತು, ಇಪ್ಪತ್ತೊಂದಕ್ಕೆ ನಿಂತಿತು. ಅವರು ಬಾಯಿ ಒರೆಸಿಕೊಂಡು ‘ಇನ್ನು ಏಳು ಸೆಕೆಂಡು ಯಾರು ಊದುವುದು ಮಾರಾಯ್ರೆ, ನೀವಾ?’ ಎಂದರು. ಈಗ ಆ ಸ್ವರವನ್ನು ನಾಲ್ಕು ಹಾರ್ನುಗಳು ಇಬ್ಬಿಬ್ಬರಂತೆ ಸರದಿಯಲ್ಲಿ ಹಿಡಿಯುತ್ತವೆ. ಒಂದು ಜೋಡಿ ಉಸಿರು ತೆಗೆದುಕೊಳ್ಳುವ ಮೊದಲೇ ಇನ್ನೊಂದು ಜೋಡಿ ಸೇರಿಕೊಳ್ಳುವುದರಿಂದ ಸ್ವರಕ್ಕೆ ಏರಿಳಿತವೂ ಬಂದಿದೆ. ಮೊದಲಿನ ನಿಶ್ಚಲ ಸ್ವರಕ್ಕಿಂತ ಇದು ನೀರಿಗೆ ಹತ್ತಿರ.

ವಿದೇಶಿ ವಾದ್ಯಗಳು ಏಕೆ ಎಂಬ ಪ್ರಶ್ನೆಗೆ ನಾನು ಉತ್ತರ ಸಿದ್ಧಪಡಿಸಿಟ್ಟುಕೊಂಡಿದ್ದೆ, ಯಾರೂ ಕೇಳಲಿಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನನ್ನು ಕೇಳಿ ಬೆಳೆದ, ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದದ್ದನ್ನು ಕಂಡ ಕರಾವಳಿಯಲ್ಲಿ ಆ ಪ್ರಶ್ನೆ ಹಳತಾಗಿದೆಯೆಂದು ತೋರುತ್ತದೆ.

ಮದ್ದಳೆ ನುಡಿಸುವ ಗೆಳೆಯನ ಟಿಪ್ಪಣಿ ಚಿಕ್ಕದು. ಮಧ್ಯಭಾಗದ ಒಂದು ತುಣುಕನ್ನು ನಾನು ಏಳಕ್ಷರದ ತ್ರಿವುಡೆಯಲ್ಲಿ, ವಯೋಲಾಗಳ ತಂತಿಯನ್ನು ಬೆರಳಿನಿಂದ ಮೀಟುವಂತೆ ಬರೆದಿದ್ದೆ. ‘ಲೆಕ್ಕ ಇದೆ, ನಡೆ ಇಲ್ಲ’ ಎಂದು ಅವನು ಹೇಳಿದ. ಪ್ರತಿ ಅಕ್ಷರವೂ ಯಂತ್ರದ ಗೆರೆಗೆ ಸರಿಯಾಗಿ ಕುಳಿತಿದ್ದದ್ದೇ ಅದರ ದೋಷ. ಅವನಿಂದ ಬಾಯಿತಾಳವನ್ನು ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಅವನ ಪೆಟ್ಟುಗಳು ಬಿದ್ದಲ್ಲಿಗೆ ನನ್ನ ಸ್ವರಗಳನ್ನು ಒಂದೊಂದಾಗಿ ಸರಿಸಿದೆ. ಒಂದು ರಾತ್ರಿ ಹಿಡಿಯಿತು, ಅಷ್ಟೆ.

ಎಲ್ಲ ಸಲಹೆಗಳನ್ನೂ ಒಪ್ಪಿಕೊಂಡೆನೆಂದು ಭಾವಿಸಬೇಡಿ. ಚೆಂಡೆಯನ್ನು ಸೇರಿಸಲು ನಾಲ್ವರು ಹೇಳಿದರು. ಚೆಂಡೆ ಒಮ್ಮೆ ಬಂದರೆ ಅರುವತ್ತು ವಾದ್ಯಗಳು ಅದಕ್ಕೆ ಹಿಮ್ಮೇಳವಾಗುತ್ತವೆಯೇ ಹೊರತು ಬೇರೇನೂ ಆಗುವುದಿಲ್ಲ. ನಿಜವಾದ ಅಲೆಯ ಸದ್ದನ್ನು ಮುದ್ರಿಸಿ ಹಾಕಲು ಇಬ್ಬರು ಸೂಚಿಸಿದರು. ಅಲೆಯನ್ನೇ ಕೇಳಬೇಕಾದವರು ಒಂದು ಮೈಲಿ ನಡೆದರೆ ಸಾಕು. ಆದರೂ ಇವರು ಗಡಿಯಾರದಲ್ಲಿ ತೋರಿಸಿದ ಜಾಗಗಳನ್ನು ನಾನು ಬಿಟ್ಟುಬಿಡಲಿಲ್ಲ. ಚೆಂಡೆ ಬೇಕೆಂದವರು ಗುರುತು ಹಾಕಿದ 4.40ರ ಬಳಿ ಟಿಂಪನಿ ನಿಜಕ್ಕೂ ಸೋತಿತ್ತು, ಟ್ರೊಂಬೋನುಗಳು ಅದನ್ನು ಮುಚ್ಚಿಹಾಕಿದ್ದವು. ಅವುಗಳಲ್ಲಿ ಎರಡನ್ನು ಸುಮ್ಮನಾಗಿಸಿದೆ. ಕೇಳುಗ ಹೇಳುವ ಮದ್ದು ತಪ್ಪಿರಬಹುದು, ನೋವಿನ ಜಾಗವನ್ನು ಮಾತ್ರ ಅವನು ತಪ್ಪಿ ತೋರಿಸಿದ್ದನ್ನು ನಾನು ಕಂಡಿಲ್ಲ.

ಕೊನೆಯ ಚೀಟಿ ತಡವಾಗಿ ಬಂತು. ಅದು ಮಲ್ಪೆಯಲ್ಲಿ ಬೋಟು ನಡೆಸುವ, ನನ್ನ ಶಾಲೆಯ ಸಹಪಾಠಿಯದು. ಕೃತಿಯ ಮುಕ್ತಾಯದಲ್ಲಿ ನಿಷೇಧ ಮುಗಿದು ಬೋಟುಗಳು ಹೊರಡುತ್ತವೆ. ಅದಕ್ಕೆ ನಾನು ಇಡೀ ವೃಂದವನ್ನು ಒಮ್ಮೆಲೇ, ಪೂರ್ಣ ಗಟ್ಟಿದನಿಯಲ್ಲಿ ಎಬ್ಬಿಸಿದ್ದೆ. ಎಂಟು ಚೀಟಿಗಳಲ್ಲಿ ಆ ಜಾಗಕ್ಕೆ ಮೆಚ್ಚುಗೆಯೇ ಇತ್ತು. ಅವನೊಬ್ಬ 7.50ರ ಎದುರು ‘ಸುಳ್ಳು’ ಎಂದು ಬರೆದಿದ್ದ. ಧಕ್ಕೆಯಲ್ಲಿ, ಬಲೆ ಹೊಲಿಯುತ್ತಿದ್ದವರ ನಡುವೆ ಕುಳಿತು ಅವನು ತುಳುವಿನಲ್ಲಿ ವಿವರಿಸಿದ್ದರ ಸಾರ ಇಷ್ಟು: ಆಗಸ್ಟ್ 1ಕ್ಕೆ ಕ್ಯಾಲೆಂಡರ್ ಬಿಡುತ್ತದೆ, ಕಡಲು ಬಿಡಬೇಕಲ್ಲ. ಗಾಳಿ ಇನ್ನೂ ಇರುತ್ತದೆ. ಯಾರಾದರೊಬ್ಬ ಎಂಜಿನ್ ಹಾಕಿ ನೋಡುತ್ತಾನೆ, ಉಳಿದವರು ಅವನನ್ನು ನೋಡುತ್ತಾರೆ. ಅವನು ಹೋಗಿ ಬಂದ ಮೇಲೆ ಎರಡನೆಯವನು.

ಮುಕ್ತಾಯವನ್ನು ಮತ್ತೆ ಬರೆಯಲು ಮೂರು ವಾರ ಬೇಕಾಯಿತು. ಈಗ ಅಲ್ಲಿ ಒಂದು ಬಸೂನ್ ಮಾತ್ರ, ತನ್ನ ಕೆಳಸ್ಥಾಯಿಯಲ್ಲಿ, ಬಿಡಿಬಿಡಿಯಾದ ಮೊಟಕು ಸ್ವರಗಳನ್ನು ಆರಂಭಿಸುತ್ತದೆ. ಒಮ್ಮೆ ನಿಲ್ಲುತ್ತದೆ. ಮತ್ತೆ ಹಿಡಿದುಕೊಳ್ಳುತ್ತದೆ. ಚೆಲ್ಲೊಗಳು ಎರಡು ಆವರ್ತ ಕಾದು ಸೇರುತ್ತವೆ, ತಳಸ್ವರ ‘ಡಿ’ಗೆ ಬರುತ್ತದೆ, ಇಡೀ ವೃಂದ ಒಟ್ಟಾಗುವ ಮೊದಲೇ ಕೃತಿ ಮುಗಿಯುತ್ತದೆ. ಹೊಸ ಆವೃತ್ತಿಯನ್ನು ಸಹಪಾಠಿಗೆ ಬೋಟಿನ ಕ್ಯಾಬಿನ್ನಿನಲ್ಲೇ ಕೇಳಿಸಿದೆ. ಬಸೂನ್ ನಿಂತಲ್ಲಿ ಅವನು ತಲೆ ಎತ್ತಿ ‘ಡೀಸೆಲಿನಲ್ಲಿ ನೀರು’ ಎಂದ. ಚೀಟಿಯನ್ನು ಖಾಲಿಯಾಗಿಯೇ ಹಿಂದಿರುಗಿಸಿದ.