ಬುರ್ಲಿ ಸಾರು, ಬುರ್ಲಿ ಸುಟ್ಟಿದ್ದು

ಮೊದಲಿಗೇ ಒಂದು ಮಾತು. ಜೋಳದ ಹೊಲದಲ್ಲಿ ಕಾಲಬುಡದಿಂದ ಬುರ್ರನೆ ಏಳುವ ಪುಟ್ಟ ಹಕ್ಕಿ, ಕಾಡು ಬುರ್ಲಿಯನ್ನು (ಇಂಗ್ಲಿಷಿನಲ್ಲಿ ಕ್ವೇಲ್) ಹಿಡಿದು ಅಡಿಗೆ ಮಾಡುವ ವಿಚಾರ ಇಲ್ಲಿಲ್ಲ. ಬುರ್ಲಿ, ಕೌಜುಗ, ಚಿಟ್ಟುಕೋಳಿ, ನವಿಲು ಯಾವುದನ್ನೂ ಹಿಡಿಯುವ ಹಾಗಿಲ್ಲ, ಕೊಳ್ಳುವ ಹಾಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜೈಲಿಗೆ ಹೋಗುವಷ್ಟು ದೊಡ್ಡ ತಪ್ಪು ಅದು. ಸುಗ್ಗಿ ಕಾಲದಲ್ಲಿ ಯಾರಾದರೂ ಚೀಲ ಹಿಡಿದು ಬಾಗಿಲಿಗೆ ಬಂದು "ಅಕ್ಕಾ, ಅಡವಿ ಬುರ್ಲಿ ಅದಾವು, ತಗೋರಿ" ಅಂದರೆ ಬೇಡ ಅಂತ ಕಳಿಸಿಬಿಡಿ. ನಮ್ಮೂರು ಮಸ್ಕಿ. ಊರಿನ ಗುಡ್ಡದ ಅಶೋಕನ ಶಾಸನದಲ್ಲಿ ಅಡಿಗೆಮನೆಯ ಮಾತಿಲ್ಲ. ಗುಜರಾತಿನ ಗಿರ್ನಾರದಂಥ ಕಡೆ ಇರುವ ಅವನ ದೊಡ್ಡ ಶಾಸನದಲ್ಲಿ ಮಾತ್ರ ಅದೂ ಬರುತ್ತದೆ: ಮೊದಲು ಅರಮನೆ ಅಡಿಗೆಗೆ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಮುಂದೆ ಅವೂ ಇಲ್ಲ. ಚಕ್ರವರ್ತಿಯೇ ನವಿಲು ಬಿಟ್ಟ ಮೇಲೆ ನಮ್ಮದೇನು.

ನಾನು ಅಡಿಗೆ ಮಾಡುವುದು ಸಾಕಿದ ಬುರ್ಲಿ. ಇದು ಜಪಾನಿ ತಳಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದು, ಅಲ್ಲಿಂದ ದೇಶದ ತುಂಬ ಹರಡಿತು. ರಾಯಚೂರು, ಬಳ್ಳಾರಿ ಕಡೆ ತೆಲುಗಿನವರು ಕಂಜು ಪಿಟ್ಟ ಅಂತ ಕೇಳುತ್ತಾರೆ, ಬೆಂಗಳೂರಿನಿಂದ ಬಂದ ನೆಂಟರು ಗೌಜಲಕ್ಕಿ ಅನ್ನುತ್ತಾರೆ. ಪಂಜರದಲ್ಲಿರುವುದು ಅದೇ ಹಕ್ಕಿ.

ಈ ಅಡಿಗೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬಹಳ ಹೊತ್ತು ಬೇಯಿಸುವುದು. ನಮ್ಮತ್ತಿ ಕೈಯ ಮಸಾಲೆಯಲ್ಲಿ ಕೊರತೆ ಹೇಳುವಂಥದ್ದೇನಿಲ್ಲ. ಆದರೆ ಅವರ ಲೆಕ್ಕ ಜವಾರಿ ಹುಂಜದ್ದು. ಹುಂಜ ಓಡಾಡಿ, ಕೆದರಿ, ಜಗಳಾಡಿ ಗಟ್ಟಿಯಾಗಿರುತ್ತದೆ. ತಾಸುಗಟ್ಟಲೆ ಕುದಿಸಿದರೇ ಮೆತ್ತಗಾಗುವುದು. ಅಡವಿ ಹಕ್ಕಿಯೂ ಹಾಗೇ: ದಿನವೆಲ್ಲ ಓಡಿ ಹಾರಿದ ಮೈಯಲ್ಲಿ ಕೊಬ್ಬಿಲ್ಲ, ವಯಸ್ಸೆಷ್ಟು ಅಂತಲೂ ಗೊತ್ತಾಗುವುದಿಲ್ಲ. ಸಾಕಿದ ಬುರ್ಲಿ ಐದಾರು ವಾರದ ಮರಿ. ಸ್ವಚ್ಛ ಮಾಡಿದ ಮೇಲೆ ಒಂದೊಂದು 120ರಿಂದ 150 ಗ್ರಾಂ ತೂಗೀತು. ಎದೆಯ ಮಾಂಸ ಬೆರಳ ದಪ್ಪವೂ ಇರುವುದಿಲ್ಲ. ಅದನ್ನು ಒಂದು ತಾಸು ಕುದಿಸಿದರೆ ಬೋಗಾಣಿಯಲ್ಲಿ ಉಳಿಯುವುದು ಎಲುಬು ಮತ್ತು ನಾರು. ಸಾರಿಗೆ ಹಕ್ಕಿ ಹಾಕಿ ಹನ್ನೆರಡು ನಿಮಿಷಕ್ಕೆ ನಾನು ಒಲೆಯಿಂದ ಇಳಿಸಹೋದರೆ ಅತ್ತಿ ಇವತ್ತಿಗೂ ಹೇಳುತ್ತಾರೆ, "ಏನ್ ಅವಸರ ಐತವಾ ನಿನಗ, ಕುದೀಲಿ ಬಿಡು." "ಅತ್ತಿ, ಇದು ಹುಂಜ ಅಲ್ರಿ" ಅಂತ ನಾನು. ಉಣ್ಣುವಾಗ ಮಾತ್ರ ಎರಡನೆಯದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಅಂಗಡಿಯಲ್ಲಿ ಏನು ನೋಡಬೇಕು? ಬುರ್ಲಿಯಲ್ಲಿ ಹೆಣ್ಣೇ ಗಂಡಿಗಿಂತ ದಪ್ಪ. ಎದೆ ಗರಿ ಕಂದುಗೆಂಪಾಗಿ ಒಂದೇ ಬಣ್ಣ ಇದ್ದರೆ ಗಂಡು, ಕಪ್ಪು ಚುಕ್ಕೆ ಚುಕ್ಕೆ ಇದ್ದರೆ ಹೆಣ್ಣು. ಸುಡುವುದಕ್ಕೆ ನಾನು ಹೆಣ್ಣು ಆರಿಸುತ್ತೇನೆ. ಆದರೆ ಮೊಟ್ಟೆ ಇಟ್ಟು ಮುಗಿಸಿದ ಮುದಿ ಹೆಣ್ಣುಗಳನ್ನೂ ಅದೇ ಪಂಜರದಲ್ಲಿ ತುಂಬಿ ಮಾರುವವರಿದ್ದಾರೆ. ಎದೆಮೂಳೆಯ ಕೆಳತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಬಾಗಿದರೆ ಎಳೆಯದು, ಗಟ್ಟಿ ಕಡ್ಡಿಯಂತೆ ನಿಂತರೆ ವಯಸ್ಸಾಗಿದೆ. ಮುದಿಯದನ್ನು ಸಾರಿಗೆ ಮಾತ್ರ ತನ್ನಿ, ಅದಕ್ಕೆ ಅರ್ಧ ತಾಸು ಬೇಕು.

ಅಂಗಡಿಯವರು ಪುಕ್ಕ ಕೀಳುವುದಿಲ್ಲ. ಅವರಿಗೆ ಪುರುಸೊತ್ತಿಲ್ಲ, ಅಂಗಿ ಬಿಚ್ಚಿದ ಹಾಗೆ ಪುಕ್ಕದ ಸಮೇತ ಚರ್ಮವನ್ನೇ ಎಳೆದು ಹಾಕುತ್ತಾರೆ. ಸಾರಿಗಾದರೆ ನಡೆಯುತ್ತದೆ. ಕೆಂಡದ ಮೇಲೆ ಸುಡುವುದಾದರೆ ಚರ್ಮ ಬೇಕೇ ಬೇಕು, ಈ ಹಕ್ಕಿಯಲ್ಲಿ ಇರುವ ಅಷ್ಟಿಷ್ಟು ಕೊಬ್ಬು ಚರ್ಮದ ಕೆಳಗೇ ಇರುವುದು. ಹಾಗಾಗಿ ಕೊಯ್ಯಿಸಿ ಮಾತ್ರ ತರುತ್ತೇನೆ, ಮಿಕ್ಕದ್ದು ಮನೆಯಲ್ಲಿ. ಕುದಿಯುವ ನೀರಿಗೆ ಅದ್ದಬೇಡಿ, ಚರ್ಮ ಕಾಗದದಷ್ಟು ತೆಳು, ಬೆಂದು ಹರಿಯುತ್ತದೆ. ಬೆರಳು ಅದ್ದಿ ತಕ್ಷಣ ತೆಗೆಯಬೇಕು ಅನಿಸುವಷ್ಟು ಬಿಸಿ, ಅಂದರೆ 60 ಡಿಗ್ರಿ ಸುಮಾರು, ಸಾಕು. ಕಾಲು ಹಿಡಿದು ಅರ್ಧ ನಿಮಿಷ ಮುಳುಗಿಸಿ ಆಡಿಸಿ. ರೆಕ್ಕೆಯ ಗರಿ ಸಲೀಸಾಗಿ ಕಿತ್ತು ಬಂದರೆ ಆಯಿತು. ಪುಕ್ಕವನ್ನು ಅದು ಬೆಳೆದ ದಿಕ್ಕಿಗೇ, ಸ್ವಲ್ಪ ಸ್ವಲ್ಪವಾಗಿ, ಇನ್ನೊಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು ಕೀಳಿ. ಉಳಿದ ಸಣ್ಣ ಕೂದಲನ್ನು ಜೋಳದ ಸೊಪ್ಪೆಯ ಉರಿಗೆ ಹಿಡಿದು ಸುಟ್ಟು, ಅರಿಶಿಣ ತಿಕ್ಕಿ ತೊಳೆಯುವುದು ನಮ್ಮ ಕಡೆಯ ರೂಢಿ. ಗ್ಯಾಸ್ ಉರಿಯಲ್ಲೂ ಆಗುತ್ತದೆ, ಆ ವಾಸನೆ ಮಾತ್ರ ಬರುವುದಿಲ್ಲ.

ಈಗ ಕತ್ತರಿ ತಗೊಳ್ಳಿ. ಚಾಕುವಿಗಿಂತ ಕತ್ತರಿಯೇ ವಾಸಿ. ತಲೆ, ಪಾದ, ರೆಕ್ಕೆಯ ತುದಿ ತೆಗೆಯಿರಿ. ಬಾಲದ ಬುಡದ ಮೇಲೆ ಸಣ್ಣ ಎಣ್ಣೆ ಗಂಟು ಇರುತ್ತದೆ, ಅದನ್ನು ಬಿಟ್ಟರೆ ಸಾರಿಗೆಲ್ಲ ಒಂಥರಾ ವಾಸನೆ. ಕುತ್ತಿಗೆ ಬುಡದಲ್ಲಿ ಕಾಳಿನ ಚೀಲ, ಅದನ್ನೂ ಎಳೆದು ಹಾಕಿ. ಬೆನ್ನುಮೂಳೆಯ ಎರಡೂ ಬದಿ ಕತ್ತರಿಸಿ ಮೂಳೆ ತೆಗೆದರೆ ಹಕ್ಕಿ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಒಳಗಿನದೆಲ್ಲ ಒಂದೇ ಸಲ ಬರುತ್ತದೆ. ಕಾಳಿಜದ ಪಕ್ಕ ಇರುವ ಹಸಿರು ಪಿತ್ತದ ಚೀಲದ ಮೇಲೆ ಕಣ್ಣಿರಲಿ. ಒಡೆದರೆ ತಾಗಿದ ಕಡೆಯೆಲ್ಲ ಕಹಿ, ಆ ಜಾಗವನ್ನು ಕತ್ತರಿಸಿ ಹಾಕುವುದೊಂದೇ ದಾರಿ. ಪಕ್ಕೆಲುಬಿಗೆ ಅಂಟಿದ ಶ್ವಾಸಕೋಶವನ್ನು ಬೆರಳಿನಿಂದ ಕೆರೆದು ತೆಗೆಯಿರಿ. ಕಾಳಿಜ, ಗುಂಡಿಗೆ ಎತ್ತಿಡಿ. ಬೆನ್ನುಮೂಳೆ, ಕುತ್ತಿಗೆಯನ್ನೂ ಎಸೆಯಬೇಡಿ, ಸಾರಿನ ಜೀವ ಅಲ್ಲೇ ಇದೆ. ಆಮೇಲೆ ಹಲಗೆ, ಕತ್ತರಿ, ಕೈ ಮೂರನ್ನೂ ಸೋಪು ಹಚ್ಚಿ ತೊಳೆದೇ ಉಳ್ಳಾಗಡ್ಡಿ ಮುಟ್ಟಬೇಕು.

ಒಂದು ಲೀಟರ್ ನೀರಿಗೆ 40 ಗ್ರಾಂ ಉಪ್ಪು, ಒಂದು ಚಿಟಿಕೆ ಅರಿಶಿಣ ಕರಗಿಸಿ ಹಕ್ಕಿಗಳನ್ನು ಒಂದು ತಾಸು ಮುಳುಗಿಸಿಡಿ. ಹೆಚ್ಚು ಹೊತ್ತು ಬೇಡ, ಉಪ್ಪುಪ್ಪಾಗುತ್ತದೆ. ಉಪ್ಪುನೀರು ಕುಡಿದ ಮಾಂಸ ಒಲೆಯ ಮೇಲೆ ಬೇಗ ಒಣಗುವುದಿಲ್ಲ. ಮೊಸರು, ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಇಷ್ಟು ಚಿಕ್ಕ ಹಕ್ಕಿ ಹುಳಿಗೆ ಸಿಕ್ಕರೆ ಹೊರಗೆ ಹಿಟ್ಟಿನ ಹಾಗಾಗಿ, ಬಾಯಲ್ಲಿ ಏನು ತಿಂದೆವೆಂದೇ ತಿಳಿಯುವುದಿಲ್ಲ. ನೀರಿನಿಂದ ತೆಗೆದು ಬಟ್ಟೆಯಿಂದ ಒತ್ತಿ, ಫ್ರಿಜ್ಜಿನಲ್ಲಿ ಮುಚ್ಚದೆ ಅರ್ಧ ತಾಸು ಆರಲು ಬಿಡಿ. ಹಸಿ ಚರ್ಮ ಕೆಂಪಗಾಗುವುದಿಲ್ಲ.

ಸುಡುವುದು ಸುಲಭ, ಕೆಂಡವೇ ಕಷ್ಟ. ಕಾಲುವೆ ದಂಡೆಯಲ್ಲಿ, ಬೀಳು ಹೊಲದಲ್ಲಿ ಎಲ್ಲೆಲ್ಲೂ ಹಬ್ಬಿ ರೈತರಿಗೆ ಕಾಟ ಕೊಡುವ ಬಳ್ಳಾರಿ ಜಾಲಿ ಇದೆಯಲ್ಲ, ಅದರಿಂದ ಆಗುವ ಒಂದು ಉಪಕಾರ ಇದೇ. ಒಣಗಿದ ಜಾಲಿ ಕಟ್ಟಿಗೆ ಬಹಳ ಕಾವು ಕೊಡುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಉರಿ ಪೂರ್ತಿ ಇಳಿದು ಮೇಲೆ ಬೂದಿ ಮುಸುಕುವ ತನಕ ಕಾಯಿರಿ. ಆರು ಹಕ್ಕಿಗೆ: ಬಳ್ಳೊಳ್ಳಿ ಎಂಟು ಎಸಳು, ಒಂದು ಇಂಚು ಹಸಿಶುಂಠಿ, ಬ್ಯಾಡಗಿ ಖಾರದ ಪುಡಿ ಎರಡು ಚಮಚ, ಕುಟ್ಟಿದ ಮೆಣಸು ಒಂದು ಚಮಚ, ಜೀರಿಗೆ ಅರ್ಧ ಚಮಚ, ಶೇಂಗಾ ಎಣ್ಣೆ ಎರಡು ಚಮಚ. ಇದನ್ನು ಒಳಕಲ್ಲಿನಲ್ಲಿ ಅರೆದು ಹಚ್ಚಿ. ಉಪ್ಪು ಮತ್ತೆ ಹಾಕಬೇಡಿ. ಎಲುಬಿನ ಬದಿ ಕೆಳಗೆ ಮಾಡಿ ಐದು ನಿಮಿಷ, ತಿರುವಿ ಚರ್ಮದ ಬದಿ ಮೂರು ನಿಮಿಷ. ತೊಡೆ ಹಿಡಿದು ಅಲ್ಲಾಡಿಸಿದಾಗ ಕೀಲು ಸಡಿಲಾಗಿ ತಿರುಗಬೇಕು, ಅಲ್ಲಿ ಒಸರುವ ರಸ ತಿಳಿಯಾಗಿರಬೇಕು. ಥರ್ಮಾಮೀಟರ್ ಇದ್ದರೆ ತೊಡೆಯೊಳಗೆ 74 ಡಿಗ್ರಿ. ಇಳಿಸಿ ಐದು ನಿಮಿಷ ಸುಮ್ಮನೆ ಬಿಟ್ಟು, ನಿಂಬೆ ಆಗ ಹಿಂಡಿ. ಕೆಂಡ ಇಲ್ಲದವರು ರೊಟ್ಟಿ ಹಂಚು ಚೆನ್ನಾಗಿ ಕಾಯಿಸಿ, ಮೇಲೊಂದು ಭಾರದ ಪಾತ್ರೆ ಇಟ್ಟು ಒತ್ತಿ ಸುಡಬಹುದು.

ಸಾರಿನ ಗುಟ್ಟು ಏನೆಂದರೆ ಮಸಾಲೆಯನ್ನು ಹಕ್ಕಿ ಇಲ್ಲದೇ ಪೂರ್ತಿ ಬೇಯಿಸಿ ಮುಗಿಸುವುದು. ಮೊದಲು ಎತ್ತಿಟ್ಟ ಬೆನ್ನುಮೂಳೆ, ಕುತ್ತಿಗೆಗಳನ್ನು ಮೂರು ಲೋಟ ನೀರಿನಲ್ಲಿ ಸಣ್ಣ ಉರಿಗೆ ಮುಕ್ಕಾಲು ತಾಸು ಕುದಿಸಿ ಸೋಸಿಕೊಳ್ಳಿ. ಅತ್ತಿಯ ತಾಸಿನ ಕುದಿತ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಂಡಲಿಯಲ್ಲಿ ಎಣ್ಣೆ ಇಲ್ಲದೆ ಧನಿಯ ಎರಡು ಚಮಚ, ಜೀರಿಗೆ, ಮೆಣಸು ಒಂದೊಂದು ಚಮಚ, ಬ್ಯಾಡಗಿ ಎಂಟು, ಗುಂಟೂರು ಮೂರು, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಚೂರು ಕಲ್ಲುಹೂವು ಹುರಿಯಿರಿ. ಶೇಂಗಾ ಎರಡು ಚಮಚ, ಎಳ್ಳು ಒಂದು, ಗಸಗಸೆ ಅರ್ಧ, ಒಣಕೊಬ್ಬರಿ ತುರಿ ಒಂದು ಹಿಡಿ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಶೇಂಗಾ ಹಸಿ, ಎಳ್ಳು ಕರಕಲು. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಉರಿಯಲ್ಲಿ ಸುಟ್ಟು, ಸುಲಿದು, ಒಂದು ಗಡ್ಡಿ ಬಳ್ಳೊಳ್ಳಿ, ಶುಂಠಿ ಸೇರಿಸಿ ಎಲ್ಲ ನುಣ್ಣಗೆ ರುಬ್ಬಿ. ಗಾಣದ ಶೇಂಗಾ ಎಣ್ಣೆಯಲ್ಲಿ ಹಕ್ಕಿಗಳನ್ನು ಎರಡೂ ಬದಿ ಬಣ್ಣ ಬರುವಷ್ಟೇ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ರುಬ್ಬಿದ್ದನ್ನು ಹಾಕಿ ಎಣ್ಣೆ ಬಿಡುವ ತನಕ, ಅಂದರೆ ಕಾಲು ತಾಸಿನ ಮೇಲೆ, ಕೈ ಬಿಡದೆ ತಿರುವಿ. ಸೋಸಿದ ನೀರು ಹೊಯ್ದು ಹತ್ತು ನಿಮಿಷ ಕುದಿಸಿ, ಎರಡು ಚಮಚ ಹುಣಸೆ ರಸ ಹಾಕಿ ಉಪ್ಪು, ಖಾರ ನೋಡಿ. ಸಾರು ಸರಿಯಾಗಿದೆ ಅನಿಸಿದ ಮೇಲಷ್ಟೇ ಹಕ್ಕಿ ಒಳಗೆ. ಮುಚ್ಚಿ, ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಕಾಳಿಜ, ಗುಂಡಿಗೆ ಕೊನೆಯ ನಾಲ್ಕು ನಿಮಿಷಕ್ಕೆ. ಕುಕ್ಕರ್ ಹತ್ತಿರ ಹೋಗಲೇಬೇಡಿ.

ಗಿನಿ ಕೋಳಿಗೆ ಲೆಕ್ಕ ಬೇರೆ. ಹಾವು ಬಂದರೆ ಕೂಗುತ್ತದೆ ಅಂತ ತೋಟದ ಮನೆಗಳಲ್ಲಿ ಸಾಕಿರುತ್ತಾರೆ. ಮಾಂಸ ಕಪ್ಪಗೆ, ರುಚಿ ಅಡವಿ ಹಕ್ಕಿಗೆ ಹತ್ತಿರ. ಓಡಾಡಿ ಬೆಳೆದ ಕಾಲು ಗಟ್ಟಿ, ಎದೆ ಮಾತ್ರ ಬೇಗ ಒಣಗುವಂಥದ್ದು. ಎರಡನ್ನೂ ಬೇರೆ ಮಾಡಿ, ಕಾಲುಗಳನ್ನು ಇದೇ ಸಾರಿನಲ್ಲಿ ಒಂದು ತಾಸು ಬೇಯಿಸಿ, ಎದೆಯ ತುಂಡುಗಳನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಹಾಕಿ.

ಜೊತೆಗೆ ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ಅನ್ನವೇ ಬೇಕೆನ್ನುವವರಿಗೆ ಸೋನಾ ಮಸೂರಿ, ಆದರೆ ಸಾರು ಅರ್ಧ ಲೋಟ ತೆಳ್ಳಗೆ ಮಾಡಿಕೊಳ್ಳಿ. ಒಬ್ಬರಿಗೆ ಎರಡು ಹಕ್ಕಿ ಲೆಕ್ಕ, ಮಕ್ಕಳಿಗೆ ಒಂದು. ಎಲುಬು ಸಣ್ಣವು, ಚೂಪು, ಮಕ್ಕಳಿಗೆ ಬಿಡಿಸಿ ಕೊಡಿ. ಉಳಿದರೆ ಹಕ್ಕಿ ಬೇರೆ, ಸಾರು ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಮರುದಿನ ಸಾರನ್ನು ತಳಮಳ ಕುದಿಸಿ, ಹಕ್ಕಿ ಹಾಕಿ, ಒಳಗಿನ ತನಕ ಸುಡುವಷ್ಟು ಬಿಸಿಯಾದ ಕೂಡಲೇ ಇಳಿಸಿ.