ಬರವಣಿಗೆ ಕಲಿಸುವ ಮೇಷ್ಟ್ರು ಮೊದಲು ತಾವೇ ಬರೆಯಬೇಕು

ಮಕ್ಕಳಿಗೆ ಪ್ರಬಂಧ ಬರೆಸುವ ನಾವು ಕೊನೆಯ ಸಲ ಒಂದು ಪುಟ ಬರೆದಿದ್ದು ಯಾವಾಗ? ಕಲಿಕೆ ಅಲ್ಲಿಂದಲೇ ಶುರುವಾಗಲಿ. 1974ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ಶುರುಮಾಡಿದ ಬೇ ಏರಿಯಾ ರೈಟಿಂಗ್ ಪ್ರಾಜೆಕ್ಟ್ ಎಂಬ ಶಿಕ್ಷಕರ ತರಬೇತಿ ಯೋಜನೆ ನಂಬಿದ್ದೂ ಇದನ್ನೇ. ಶಿಕ್ಷಕರು ಬರೆಯಬೇಕು, ಶಿಕ್ಷಕರಿಗೆ ಶಿಕ್ಷಕರೇ ಕಲಿಸಬೇಕು.

ನಿಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ‘ನಮ್ಮೂರ ಜಾತ್ರೆ’ ಅಂತ ಮಕ್ಕಳಿಗೆ ಕೊಡುವ ವಿಷಯವನ್ನೇ 15 ನಿಮಿಷ ಎಲ್ಲರೂ ಬರೆದು, ಗಟ್ಟಿಯಾಗಿ ಓದಿ. ಪೆನ್ನು ಎಲ್ಲಿ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಮಕ್ಕಳೂ ಅಲ್ಲೇ ಒದ್ದಾಡುತ್ತಾರೆ, ಅಲ್ವಾ?

ಮುಂದಿನ ಸಭೆಗೆ ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಒಂದೇ ಪುಟ ತನ್ನಿ, ಹೆಸರು ಮುಚ್ಚಿ. ಕಾಗುಣಿತಕ್ಕೆ ಕೆಂಪು ಪೆನ್ನು ಆಮೇಲೆ. ಅವಳು ಏನು ಹೇಳಲು ಹೊರಟಿದ್ದಾಳೆ ಅಂತ ಮಾತಾಡಿಕೊಂಡು, ಒಂದೇ ಒಂದು ಪ್ರಶ್ನೆ ಬರೆದು ವಾಪಸ್ ಕೊಡಿ, ಅವಳು ತಿದ್ದಿ ತಂದಾಗ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿ.