ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ

ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿ, ಕುಂದಾದ್ರಿ ಬೆಟ್ಟಗಳು, ಶೆಟ್ಟಿಹಳ್ಳಿ ಅಭಯಾರಣ್ಯದ ಕಡೆಗೆ ಹೊರಡುವವರು ಅಲ್ಲಿ ಒಲೆ ಹೂಡುವ ಯೋಚನೆಯನ್ನು ಬಿಟ್ಟು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಈ ದಿನಗಳಲ್ಲಿ ಕಾಡಿನ ನೆಲದ ಮೇಲಿನ ದರಗು, ಅಂದರೆ ಉದುರಿದ ಎಲೆ, ಕಾಲಿಟ್ಟರೆ ಹಪ್ಪಳದಂತೆ ಪುಡಿಯಾಗುವಷ್ಟು ಒಣಗಿರುತ್ತದೆ. ಆರಿತೆಂದು ಎಸೆದ ಬೀಡಿಯ ತುಂಡು ಅದರೊಳಗೇ ಹೊಗೆಯಾಡುತ್ತಿದ್ದು, ಗಾಳಿ ಬೀಸಿದಾಗ ಹೊತ್ತಿಕೊಂಡರೆ, ಇಳಿಜಾರಿನ ಹುಲ್ಲಿನಲ್ಲಿ ಬೆಂಕಿ ಮೇಲಕ್ಕೇರುವ ವೇಗದ ಮುಂದೆ ನಮ್ಮ ಓಟ ಸಾಲುವುದಿಲ್ಲ. ವಾಹನವನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕಾದ ಸೈಲೆನ್ಸರ್ ಒಂದೇ ಸಾಕು. ತಿಂಡಿಯ ಕಸವನ್ನು ಗುಡ್ಡೆ ಹಾಕಿ ಸುಡುವುದನ್ನು ಕೆಲವರು ಸ್ವಚ್ಛತೆಯೆಂದೇ ಭಾವಿಸಿದ್ದಾರೆ. ಅದನ್ನು ಚೀಲದಲ್ಲಿ ಹಿಂದಕ್ಕೆ ತರುವುದೇ ಸರಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೂ ಹೌದು.

ಮೊಣಕಾಲೆತ್ತರಕ್ಕಿಂತ ಕಡಿಮೆಯ ಕಿರುಬೆಂಕಿಯಾದರೆ ಹಸಿ ಸೊಪ್ಪಿನ ಕೊಂಬೆಯಿಂದ ಅಂಚಿನಿಂದ ಬಡಿದು ಆರಿಸಬಹುದು. ಅದಕ್ಕಿಂತ ದೊಡ್ಡದಾದರೆ ಗುಡ್ಡ ಹತ್ತದೆ ಪಕ್ಕಕ್ಕೆ ಸರಿದು, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹತ್ತಿರದ ಊರು, ಹಳ್ಳ, ರಸ್ತೆಯ ತಿರುವುಗಳ ಗುರುತು ಹೇಳಿರಿ.